ದೀಡ ರೊಟ್ಟಿ

ಹಂಚಿನ ಮೇಲೆ ಜೋಳದ ರೊಟ್ಟಿ ಸೀದ ವಾಸನೆ ಬಂದರೆ ನನಗೆ ಈಗಲೂ ಔರಾದದ ಆ ಶನಿವಾರ ನೆನಪಾಗುತ್ತದೆ.

ಓದಿನಲ್ಲೂ ಲೆಕ್ಕದಲ್ಲೂ ಮುಂದಿದ್ದ ನಾಲ್ಕನೇ ತರಗತಿಯ ಮಕ್ಕಳಿಗೆ ವಾರಕ್ಕೊಮ್ಮೆ ವಿಶೇಷ ಪಾಠವಿತ್ತು. ಊರು ಅದಕ್ಕೆ ‘ಶಾಣ್ಯಾರ ಕ್ಲಾಸು’, ಅಂದರೆ ಜಾಣರ ಕ್ಲಾಸು, ಎಂದು ಭಯಭಕ್ತಿಯಿಂದ ನಾಮಕರಣ ಮಾಡಿತ್ತು. ಅಂದು ಟೀಚರು ಒಬ್ಬೊಬ್ಬರನ್ನೇ ಪರೀಕ್ಷಿಸುವವರಿದ್ದರು. ಉತ್ತರ ತಪ್ಪಿದರೆ ನನ್ನ ಶಾಣ್ಯಾತನ ಅಲ್ಲಿಗೆ ಸಮಾಪ್ತಿ.

“ತಲಿ ಒಳಗಿಂದು ಯಾರಿಗಿ ಕಾಣ್ತದ? ಮ್ಯಾಲಿಂದರ ನೆಟ್ಟಗಿರ್ಲಿ” ಎಂದು ಅವ್ವ ನನ್ನ ಕೂದಲಿಗೆ ಎಣ್ಣೆ ಸುರಿಯುವ ಭರದಲ್ಲಿ ಬುತ್ತಿಯ ರೊಟ್ಟಿ ಸೀಯಿಸಿದ್ದಳು.

ಮೈಸೂರಿನ ಕಡೆಯಿಂದ ಹೊಸದಾಗಿ ಬಂದಿದ್ದ ಟೀಚರು ನನ್ನನ್ನು ಕೇಳಿದರು: “ಮೂರು ಅರ್ಧ ರೊಟ್ಟಿ ಸೇರಿದರೆ ಎಷ್ಟು?”

“ದೀಡ್ರಿ, ಟೀಚರ್.”

“ಏನದು? ಸರಿಯಾಗಿ ಯೋಚನೆ ಮಾಡು.”

“ದೀಡೇ ರಿ!” ಎಂದೆ.

“ಹೋತು, ನಮ್ಮ ಶಾಣ್ಯಾಕಿ ಹೋದ್ಲು” ಎಂದಳು ಪಕ್ಕದ ಗೆಳತಿ.

ನಾನು ಡಬ್ಬಿ ತೆರೆದೆ. ಒಂದು ಇಡೀ ರೊಟ್ಟಿ, ಅದರ ಪಕ್ಕ ಮುರಿದ ಅರ್ಧ ರೊಟ್ಟಿ ಮೇಜಿನ ಮೇಲಿಟ್ಟೆ. “ಇದಕ್ಕ ದೀಡ ಅಂತಾರ್ರಿ.”

ಟೀಚರು ಗಂಭೀರವಾಗಿ ರೊಟ್ಟಿಗಳನ್ನು ನೋಡಿದರು. ಕರಿಹಲಗೆಯ ಮೇಲೆ ‘ಒಂದೂವರೆ = ದೀಡ’ ಎಂದು ಬರೆದರು. ಆಮೇಲೆ ಆ ಅರ್ಧ ರೊಟ್ಟಿಯ ತುಣುಕೊಂದನ್ನು ಮುರಿದು ಬಾಯಿಗಿಟ್ಟುಕೊಂಡರು.

“ಮುಂದಿನ ಶನಿವಾರವೂ ಬಾ. ದೀಡ ರೊಟ್ಟಿ ಜಾಸ್ತಿ ತಾ.”