ಹಿಂದೆ ನಿಲ್ಲೋರು ಯಾರು?

ಅರವತ್ತೆರಡರ ರುದ್ರಮುನಿಯವರಿಗೆ ಒಂದೇ ಹಟ... ಹಿಮ ಬೀಳುವ ಸ್ಪಿತಿ ಕಣಿವೆಗೆ ಮಲಗಲು, ಅಡುಗೆಗೆ ಜಾಗವಿರುವ ಕ್ಯಾರವಾನ್ ಟ್ರೈಲರ್ ಎಳೆದುಕೊಂಡು ಹೋಗಬೇಕು. ಅದೂ ಒಬ್ಬರೇ!

ಹೆಂಡತಿ ತೀರಿಕೊಂಡು ಮೂರು ವರ್ಷ. ಮಕ್ಕಳಿಲ್ಲ. ಮನೆಯಲ್ಲಿ ಮಾತಾಡುವುದು ಟಿವಿ ಒಂದೇ...

ಲಾರಿ ಓಡಿಸಿಯೇ ಹತ್ತು ಲಾರಿಗಳ ಯಜಮಾನರಾದ ಮನುಷ್ಯ, ಸುಮ್ಮನೆ ಬಿಡುತ್ತಾರೆಯೇ? ಲಾರಿಗೆ ಬಾಡಿ ಕಟ್ಟುವ ಮಸ್ತಾನ್ ಸಾಬರ ಶೆಡ್ಡಿಗೆ ಎರಡು ತಿಂಗಳು ಅಲೆದು ಅವರ ತಲೆ ತಿಂದರು.

ಗೋಡೆಯೊಳಗೆ ದಪ್ಪ ಫೋಮ್ ಇರಬೇಕು... ಪೈಪಿನಲ್ಲಿ ನೀರು ಹೆಪ್ಪುಗಟ್ಟಬಾರದು... ಹೀಟರ್ ಬೇಕೇ ಬೇಕು...

ಎಳೆಯಲು ಹಳೇ ಜೀಪು ಸಾಕು ಎಂದಾಗ ಮಾತ್ರ ಸಾಬರು ನಕ್ಕುಬಿಟ್ಟರು.

"ಎಳ್ಯೋದು ದೊಡ್ಡದಲ್ಲ ಯಜಮಾನ್ರೇ... ಘಾಟಿ ಇಳೀವಾಗ ಟ್ರೈಲರ್ರು ನಿಮ್ಮನ್ನೇ ತಳ್ಳುತ್ತೆ! ನೀರು, ಸಾಮಾನು ಎಲ್ಲಾ ತುಂಬಿದ ಮೇಲೆ ಎಷ್ಟು ತೂಕ ಅಂತ ನೋಡಿ ಗಾಡಿ ತಗೋಬೇಕು."

ಕೊನೆಗೆ ಗಟ್ಟಿಮುಟ್ಟಾದ ಡೀಸೆಲ್ ಪಿಕಪ್ ಬಂತು. ಟ್ರೈಲರ್ ಸಿದ್ಧವಾಯಿತು.

ಆದರೆ ಸಾಬರು ಅದನ್ನು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಅವರದೊಂದು ಕಟ್ಟುನಿಟ್ಟು... ಗಿರಾಕಿ ಟ್ರೈಲರನ್ನು ರಿವರ್ಸ್‌ನಲ್ಲಿ ಶೆಡ್ಡಿನೊಳಗೆ ತಂದು ತೋರಿಸಬೇಕು.

"ಹಿಂದೆ ನಿಲ್ಲೋರು ಯಾರು?"

"ಕ್ಯಾಮೆರಾ ಇದೆಯಲ್ಲ ಸಾಬ್ರೇ!"

"ಹಿಮ ಕೂತ್ರೆ ಕ್ಯಾಮೆರಾ ಕುರುಡು. ಮನುಷ್ಯ ಬೇಕು ಯಜಮಾನ್ರೇ... ನಿಮ್ಮ ಕಡೆಯೋರು ಯಾರೂ ಇಲ್ವಾ?"

ರುದ್ರಮುನಿ ಪಿಕಪ್ ಹತ್ತಿ ಬಾಗಿಲು ಹಾಕಿಕೊಂಡರು.

ಅವರ ಮೊದಲ ಲಾರಿಯ ಹಿಂದೆ ನಿಂತು "ಬರ್ಲಿ... ಬರ್ಲಿ..." ಎಂದು ಕೂಗುತ್ತಿದ್ದವನು ತಮ್ಮ ಶಂಭು. ಆ ದನಿಯೊಂದನ್ನೇ ನಂಬಿ ಎಂಥ ಸಂದಿಯಲ್ಲೂ ಲಾರಿ ಹಿಂದಕ್ಕೆ ತರುತ್ತಿದ್ದರು.

ಆ ತಮ್ಮನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ!

ಕಾರಣ? ಶಂಭುವಿನ ಮಗಳ ಮದುವೆಯಲ್ಲಿ ಇವರನ್ನು ಮೊದಲ ಪಂಕ್ತಿಗೆ ಕರೆಯಲಿಲ್ಲವಂತೆ. ಒಂದು ಎಲೆ ಊಟಕ್ಕೆ ಇಷ್ಟು ದೊಡ್ಡ ಸಿಟ್ಟು...

ಮೂರು ವರ್ಷದ ಹಿಂದೆ ಅತ್ತಿಗೆ ತೀರಿಕೊಂಡಾಗ ಶಂಭು ಓಡಿ ಬಂದಿದ್ದ. ರುದ್ರಮುನಿ ಮುಖ ತಿರುಗಿಸಿಕೊಂಡಿದ್ದರು.

ಈಗ ಸ್ಟೀರಿಂಗ್ ಮುಂದೆ ಕೂತು, ಶಂಭುವಿಗೆ ಫೋನ್ ಹಚ್ಚಿದರು. ಅತ್ತ ಅವನು ಎತ್ತಿದ.

"ಶಂಭು... ತಪ್ಪು ನಂದೇ ಕಣೋ. ರಿವರ್ಸ್ ಬರ್ತಿದೀನಿ... ಹಿಂದೆ ಯಾರೂ ಇಲ್ಲ."

ಅತ್ತಲಿಂದ, ಅಳು ನುಂಗಿದ ಅದೇ ಹಳೆಯ ದನಿ...

"ಬರ್ಲಿ ಅಣ್ಣಾ... ಬರ್ಲಿ... ಬರ್ಲಿ..."

ರುದ್ರಮುನಿ ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತುಬಿಟ್ಟರು.

*ಮುಂದೆ ಹೋಗಲು ಎಂಜಿನ್ ಸಾಕು, ಹಿಂದಿರುಗಿ ಬರಲು ನಮ್ಮವರ ದನಿ ಬೇಕು.*

ನಿಮಗೆ "ಬರ್ಲಿ" ಎನ್ನಲು ಯಾರೋ ಕಾಯುತ್ತಿರಬಹುದು... ಅವರಿಗೆ ಫೋನ್ ಮಾಡಿ ಎಷ್ಟು ದಿನವಾಯಿತು?