ಅಣ್ಣನಿಗೆಂದು ಒಣಗಿಸಿದ ಜೋಡಿಕಾಯಿ

ನೆನೆದ ತೆಂಗಿನ ನಾರಿನ ವಾಸನೆ ಬಂದರೆ ಈಗಲೂ ನನಗೆ ಮೂಗಿಗೆ ನೀರು ಹೊಕ್ಕಂತಾಗುತ್ತದೆ.

ಅಣ್ಣ ಬುಕ್ಕಾಂಬುಧಿ ಕೆರೆಯಲ್ಲಿ ಮುಳುಗಿ ಸತ್ತಿದ್ದ. ಅವನ ತಿಥಿ ಮುಗಿದ ಮಧ್ಯಾಹ್ನ ಅಪ್ಪ ನನ್ನನ್ನು ತೋಟದ ಬಾವಿಗಿಳಿಸಿದ. ಬೇಸಿಗೆ ರಜೆಯಲ್ಲಿ ಅಣ್ಣನಿಗೆ ಈಜು ಕಲಿಸಲೆಂದು ಅಟ್ಟದಲ್ಲಿ ಒಣಗಿಸಿಟ್ಟಿದ್ದ ಜೋಡಿ ತೆಂಗಿನಕಾಯಿಯನ್ನು ನನ್ನ ಬೆನ್ನಿಗೆ ಕಟ್ಟಿದ. ನಾರು ಚರ್ಮ ತರಚುತ್ತಿತ್ತು.

ಮೆಟ್ಟಿಲ ಮೇಲೆ ಕೂತಿದ್ದ ಅವ್ವ, "ಇದೂ ಹೋಗ್ಲಿ ಅಂತಲಾ?" ಎಂದಳು.

ಅಪ್ಪ ನನ್ನ ಹೊಟ್ಟೆಯಡಿ ಕೈಯಿಟ್ಟು, "ಕಪ್ಪೆ ಥರ ಕಾಲು ಮಡಿಸು, ಅಗಲಿಸಿ ಒದಿ ಕಣೇ" ಎನ್ನುತ್ತಲೇ ಇದ್ದ.

ಬಿಸಿಲು ಇಳಿಯುವ ಹೊತ್ತಿಗೆ ಕಾಯಿ ಬಿಚ್ಚಿದ. ನಾನು ಮುಳುಗಲಿಲ್ಲ, ಒದ್ದಾಡುತ್ತಲೇ ಎದುರಿನ ಗೋಡೆ ಮುಟ್ಟಿದೆ. ತಿರುಗಿದರೆ, ಅಪ್ಪ ಎದೆಮಟ್ಟದ ನೀರಲ್ಲಿ ಆ ಕಾಯಿಗಳನ್ನು ಅವುಚಿಕೊಂಡು ನಿಂತಿದ್ದ.

"ಒಂದ್ ಮಧ್ಯಾಹ್ನ ಸಾಕಾಗ್ತಿತ್ತು ಕಣೇ" ಎಂದ, ಅವ್ವನಿಗೆ.