ಮೂರನೆಯ ಹಾಡು

ಪೊಲೀಸ್ ಜಮಾದಾರ, ಗೌಡರ ಅಡುಗೆಮನೆಯ ಬಾಗಿಲಲ್ಲಿ ನಿಂತು ರೊಟ್ಟಿ ಎಣಿಸುತ್ತಿದ್ದ. ಇವತ್ತಿಗೆ ಎಂಟನೆಯ ದಿನ.

"ಗೌಡ್ರು, ಗೌಡಸಾನಿ, ಒಬ್ಬ ಆಳು. ಮೂರು ಮಂದಿಗೆ ಒಂಬತ್ತು ರೊಟ್ಟಿ. ಲೆಕ್ಕ ಸರಿ ಅದ," ಎಂದು ಮೀಸೆ ತಿರುವಿದ.

ಪಡಸಾಲೆಯಲ್ಲಿ ಕುಳಿತಿದ್ದ ದೌಲತರಾಯ ಗೌಡರಿಗೆ ಮೈಯೆಲ್ಲ ಉರಿಯಿತು. ಮೂರು ತಲೆಮಾರು ಊರಗೌಡಿಕೆ ಮಾಡಿದ ಮನೆಯ ರೊಟ್ಟಿ ಬುಟ್ಟಿಗೆ ಇವನು ಕೈ ಹಾಕುವುದೇ? ಆದರೆ ಬಾಯಿ ಬಿಡುವಂತಿರಲಿಲ್ಲ. ಒಬ್ಬನೇ ಮಗ ಅಣ್ಣಾರಾಯ ಜೇವರ್ಗಿಯ ಕಡೆ ಸೆರೆಯಲ್ಲಿದ್ದಾನಲ್ಲ.

ಅದು ೧೯೪೮ರ ಶ್ರಾವಣ. ಹಿಂದಿನ ವರ್ಷ ದಿಲ್ಲಿಯೂ ಹೈದರಾಬಾದೂ ಒಂದು ವರ್ಷ ಇದ್ದದ್ದು ಇದ್ದ ಹಾಗೇ ಇರಲೆಂದು ಕಾಗದಕ್ಕೆ ಸಹಿ ಹಾಕಿದ್ದವು. ಇತ್ತ ಹೈದರಾಬಾದಿಗೂ ಕರಾಚಿಗೂ ದೋಸ್ತಿ ಬೆಳೆಯುತ್ತಲೇ ಇತ್ತು. ಕರಾಚಿಯಿಂದ ವಿಮಾನದಲ್ಲಿ ಬಂದೂಕು ಇಳಿಯುತ್ತಿವೆ, ಲಾರಿಯಲ್ಲಿ ಭೀಮಾ ದಂಡೆಗೆ ಬರುತ್ತಿವೆ ಎಂದು ಅಫಜಲಪುರದ ಸಂತೆಯಲ್ಲೂ ಗುಸುಗುಸು. ಆಳಂದದ ಸುಂಕದ ನಾಕೆಯಲ್ಲಿ ಕಾರಕೂನನಾಗಿದ್ದ ಅಣ್ಣಾರಾಯ ಆ ಲಾರಿಗಳ ಪೆಟ್ಟಿಗೆ ಎಣಿಸಿ, ನದಿಯಾಚೆ ಇಂಡಿಯಾದ ಸೀಮೆಗೆ ಸುದ್ದಿ ಕಳಿಸುತ್ತಾನೆಂದು ಆಷಾಢದಲ್ಲಿ ಹಿಡಿದೊಯ್ದಿದ್ದರು. ದೊಡ್ಡವರು ಕೈ ಕುಲುಕಿದರೆ ನಡುವೆ ನುಗ್ಗಾಗುವುದು ಸಣ್ಣವರ ಬೆರಳು.

ಮೊದಮೊದಲು ಗೌಡಸಾನಿ ಶಾರದಾಬಾಯಿ ಕಟ್ಟಿದ ಬುತ್ತಿ ಮಗನಿಗೆ ಹೋಗುತ್ತಿತ್ತು. ಜಮಾದಾರ ಪೇದೆಗಳೊಂದಿಗೆ ಗೌಡರ ವಾಡೆಯಲ್ಲೇ ಬಂದು ಠಿಕಾಣಿ ಹೂಡಿದ ದಿನದಿಂದ ಬುತ್ತಿ ವಾಪಸು. "ಈಗ ಅಲ್ಲಿ ಬುತ್ತಿ ಜರೂರತ್ ಇಲ್ರಿ," ಎಂದಿದ್ದ. ಗಂಡಹೆಂಡಿರು ಹೊಸ್ತಿಲು ದಾಟುವಂತಿರಲಿಲ್ಲ. ಬಂದವರೊಡನೆ ಗುಟ್ಟಾಗಿ ಮಾತಾಡುವಂತಿರಲಿಲ್ಲ.

ರೊಟ್ಟಿ ಎಣಿಸಿ ಬಂದ ಜಮಾದಾರ ಗೌಡರ ಎದುರು ಕುಳಿತ. "ಪೆಟ್ಟಿಗಿ ಲೆಕ್ಕದ ಕಾಗದ ಇಟಗೊಂಡು ಒಬ್ಬಾಂವ ಓಡಿ ಬಂದಾನ್ರಿ. ನದಿ ತುಂಬಿ ಹರ್ಯಾಕತ್ತದ, ದಾಟಾಕ ಬರಂಗಿಲ್ಲ. ಇದೇ ಊರಾಗ ಯಾರದೋ ರೊಟ್ಟಿ ತಿನ್ನಾಕತ್ತಾನ. ಆ ಮನಿ ತೋರಸ್ರಿ. ತಾಸಿನೊಳಗ ನಿಮ್ಮ ಮಗನ್ನ ನಿಮ್ಮ ಕಣ್ಣ ಮುಂದ ನಿಲ್ಲಸ್ತೇನಿ."

"ಇಲ್ಲಂದ್ರ?"

"ಇಲ್ಲಂದ್ರ ಅವನ ಮಾರಿ ಮರತುಬಿಡ್ರಿ."

ಗೌಡರಿಗೆ ಆ ಮನೆ ಗೊತ್ತಿತ್ತು. ಸಂಕಟವೆಲ್ಲ ಅದೇ.

ವಾಡೆಯ ಹಿಂದಿನ ಗೋಡೆಗೆ ಹೊಂದಿಕೊಂಡು ಗುರಮ್ಮನ ಒಂದಂಕಣದ ಮನೆ. ಎಪ್ಪತ್ತರ ವಿಧವೆ, ವಾಡೆಯ ಬಾಣಂತನಗಳನ್ನೆಲ್ಲ ಮಾಡಿದವಳು. ಬೀಸುವ ಹೊತ್ತನ್ನು ಆ ಊರಲ್ಲಿ ಹಾಡಿನಿಂದ ಅಳೆಯುತ್ತಾರೆ. ಗುರಮ್ಮ ಎರಡು ದಿನಕ್ಕೊಮ್ಮೆ ಬೀಸುವವಳು. ಒಂದು ಹಾಡು ಮುಗಿಯುವಷ್ಟರಲ್ಲಿ ಅವಳ ಒಂಟಿ ಹೊಟ್ಟೆಗೆ ಬೇಕಾದಷ್ಟು ಹಿಟ್ಟು. ಈಗ ಎಂಟು ದಿನದಿಂದ ಪ್ರತಿ ಬೆಳಗಿನ ಜಾವವೂ ಬೀಸುತ್ತಿದ್ದಳು. ಒಂದು ಹಾಡು ಮುಗಿದು ಎರಡನೆಯದು, ಅದೂ ಮುಗಿದು ಮೂರನೆಯದು. ಮುದುಕಿಯ ದನಿ ಬಿದ್ದುಹೋದರೂ ಕಲ್ಲು ನಿಲ್ಲುತ್ತಿರಲಿಲ್ಲ. ಜಮಾದಾರ ಪಟ್ಟಣದವನು, ಅವನಿಗೆ ಅದು ಬರೀ ಹಾಡು. ಗೌಡರ ಕಿವಿಗೆ ಅದು ಹರೆಯದ ಗಂಡಸಿನ ಹಸಿವು.

ನಿನ್ನೆ ಮಧ್ಯಾಹ್ನ ಅವಳೇ ವಾಡೆಗೆ ಬಂದಿದ್ದಳು.

"ಗೌಡ್ರ, ನಿಮ್ಮ ಸಂಗಟ ಒಂದು ಮಾತಿತ್ರಿ."

"ಇಲ್ಲೇ ಹೇಳ ಬೇ," ಎಂದ ಜಮಾದಾರ.

ಮುದುಕಿ ಅವನನ್ನೊಮ್ಮೆ, ಗೌಡರನ್ನೊಮ್ಮೆ ನೋಡಿದಳು. "ಒಂದೀಟು ಮಜ್ಜಿಗಿ ಬೇಕಾಗಿತ್ರಿ."

ಉಪವಾಸ ಬಿದ್ದರೂ ಇನ್ನೊಬ್ಬರ ಬಾಗಿಲು ತಟ್ಟದ ಹೆಂಗಸು. ಬಾಯಿ ಬಿಡಬೇಡಿ ಎಂದು ಅಂಗಲಾಚಲು ಬಂದಿದ್ದಾಳೆಂದು ಗೌಡರಿಗೆ ಅನ್ನಿಸಿತು. ಅವರು ಮುಖ ತಿರುಗಿಸಿದರು.

ಈಗ ಗೌಡರು ಅದನ್ನೇ ನೆನೆಯುತ್ತ ಎದ್ದು ದೇವರ ಕೋಣೆಗೆ ಹೋದರು. ಹೆಂಡತಿಗೆ ಎಲ್ಲವನ್ನೂ ಪಿಸುಮಾತಲ್ಲಿ ಹೇಳಿದರು.

"ಹೇಳಬ್ಯಾಡ್ರಿ," ಎಂದರು ಶಾರದಾಬಾಯಿ. "ಅಂವನೂ ಯಾರೋ ಒಬ್ಬ ತಾಯಿ ಮಗ ಇರಬೇಕು."

"ಅಂಥವರ ಸಲುವಾಗೇ ನಮ್ಮ ಅಣ್ಣಾರಾಯ ಒಳಗ ಕುಂತಾನ. ಅವನ ತಾಯಿ ಅವನ್ನ ನೋಡ್ಕೊಳ್ಳಲಿ. ನನಗ ನನ್ನ ಮಗ ಬೇಕು."

ಅಂದ ಮೇಲೆ ಅವರಿಗೆ ತಮ್ಮ ಮೇಲೆಯೇ ಹೇಸಿಕೆಯಾಯಿತು. ಆದರೆ ಬಾಯಲ್ಲಿ ಬಿಸಿತುಪ್ಪ ಎಷ್ಟು ಹೊತ್ತು ಇಟ್ಟುಕೊಳ್ಳಲಾದೀತು? ಪಡಸಾಲೆಗೆ ಬಂದರು. ನೆಲ ನೋಡುತ್ತ ಹೇಳಿದರು.

"ಗುರಮ್ಮನ ಹಿತ್ತಲದಾಗ ಬರಿದಾದ ಹಗೇವು ಅದ. ಅಲ್ಲಿ ನೋಡ್ರಿ. ಮುದುಕಿಗೆ ಏನೂ ಮಾಡಬ್ಯಾಡ್ರಿ."

ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕುಣಿ. ಒಬ್ಬ ಮನುಷ್ಯ ಕಾಲು ಮಡಚಿ ದಿನಗಟ್ಟಲೆ ಕೂರಬಹುದು. ಜಮಾದಾರ ಥಟ್ಟನೆ ಎದ್ದ. "ನೀವೂ ನಡೀರಿ ಗೌಡ್ರ."

ಆಚೆಗೊಬ್ಬ, ಈಚೆಗೊಬ್ಬ ಪೇದೆ. ನಡುವೆ ಗೌಡರು. ಊರವರು ಕದ ಮರೆಯಿಂದ ನೋಡಿದರು. ಹಿಟ್ಟಿನ ಕೈಯಲ್ಲೇ ಗುರಮ್ಮ ಹಿತ್ತಲ ಬಾಗಿಲಿಗೆ ಅಡ್ಡ ನಿಂತಳು. ಗೌಡರನ್ನು ಕಂಡದ್ದೇ ಅವಳ ತೋಳುಗಳು ಜೋತುಬಿದ್ದವು. ಬಾಗಿಲು ಬಿಟ್ಟು ಸರಿದಳು.

ಪೇದೆಗಳು ಹಗೇವಿನ ಬಾಯಿಯ ಚಪ್ಪಡಿ ಸರಿಸಿದರು.

"ಮ್ಯಾಲ ಬಾರಲೇ," ಎಂದು ಜಮಾದಾರ ಬಂದೂಕು ಕೆಳಗೆ ಚಾಚಿದ.

ಗೌಡರು ಕಣ್ಣು ಮುಚ್ಚಿಕೊಂಡರು. ಆ ಪರರ ಮಗನ ಮುಖ ಒಮ್ಮೆ ಕಂಡರೆ ಸಾಯುವ ತನಕ ಮರೆಯಲಾರೆನೆಂದು ಅವರಿಗೆ ಗೊತ್ತಿತ್ತು. ಮಣ್ಣು ಉದುರಿದ ಸದ್ದು. ಯಾರೋ ಏದುಸಿರು ಬಿಡುತ್ತ ಮೇಲೆ ಹತ್ತಿದ ಸದ್ದು. ಪೇದೆಗಳು ಮತ್ತೆ ಅವರ ಮಗ್ಗುಲಿಗೆ ಬಂದು ನಿಂತರು.

"ಕಣ್ಣು ತಗೀರಿ, ಗೌಡ್ರ," ಎಂದ ಜಮಾದಾರ.

ಸೆರೆಯಿಂದ ಪಾರಾಗಿ ಎಂಟು ದಿನ ಕಳೆದ ಕತ್ತಲಿನಿಂದ ಹೊರಬಂದ ಅಣ್ಣಾರಾಯ, ಇಬ್ಬರು ಪೇದೆಗಳ ನಡುವೆ ನಿಂತ ತಂದೆಯನ್ನು ಕಂಡು ಮರುಗಿದ: "ಅಪ್ಪಾ, ನಿಮ್ಮನ್ನೂ ಹಿಡದ್ರೇನ್ರಿ?"